ಆರ್ಕೆಸ್ಟ್ರಾ ಆಡಿಷನ್: ಪರದೆಯಾಚೆ ಕೂತವರು ಏನನ್ನು ಕೇಳುತ್ತಾರೆ?

ಅಮೆರಿಕ ಅಥವಾ ಯುರೋಪಿನ ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಒಂದು ಕುರ್ಚಿ ಖಾಲಿಯಾಯಿತೆಂದರೆ ನೂರಾರು ಅರ್ಜಿಗಳು ಬರುತ್ತವೆ. ಅರ್ಜಿ ಹಾಕಿದವರೆಲ್ಲ ಚಿಕ್ಕಂದಿನಿಂದ ವಾದ್ಯ ಹಿಡಿದವರು, ಹೆಸರಾಂತ ಸಂಗೀತ ಶಾಲೆಗಳಲ್ಲಿ ಪದವಿ ಪಡೆದವರು, ದಿನಕ್ಕೆ ನಾಲ್ಕೈದು ಗಂಟೆ ಸಾಧನೆ ಮಾಡುವವರು. ಕೆಲಸ ಸಿಗುವುದು ಒಬ್ಬರಿಗೆ. ಎಷ್ಟೋ ಸಲ ಯಾರೂ ಒಪ್ಪಿಗೆಯಾಗದೆ ಆ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಸಮಯ ಐದರಿಂದ ಹತ್ತು ನಿಮಿಷ.

ಇಷ್ಟು ಸಮರ್ಥರಲ್ಲಿ ಒಬ್ಬರು ಗೆದ್ದು ಉಳಿದವರು ಮನೆಗೆ ಹೋಗುವುದು ಯಾವುದರಿಂದ? ಅದೃಷ್ಟದ ಪಾಲು ಇದ್ದೇ ಇದೆ. ಆದರೂ ಮೇಲಿಂದ ಮೇಲೆ ಗೆಲ್ಲುವವರು ಇದ್ದಾರೆ, ಅವರ ನುಡಿಕೆಯಲ್ಲಿ ಒಂದು ಸಮಾನ ಗುಣವೂ ಇದೆ. ಪರದೆಯ ಹಿಂದೆ ಒಬ್ಬರೇ ನಿಂತು ನುಡಿಸುವಾಗಲೂ ಅವರ ಸುತ್ತ ತೊಂಬತ್ತು ಮಂದಿ ಕೂತು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಕೇಳಿಸುತ್ತಿರುವುದು ಒಂದು ಪಿಟೀಲು ಮಾತ್ರ, ಆದರೆ ಅದರ ಲಯದಲ್ಲಿ, ನಾದದಲ್ಲಿ, ವಿರಾಮಗಳಲ್ಲಿ ಇಡೀ ಕೃತಿ ತುಂಬಿಕೊಂಡಿರುತ್ತದೆ. ಆಡಿಷನ್ ಕುರಿತು ತಿಳಿಯಬೇಕಾದ ಮುಖ್ಯ ವಿಷಯ ಇದೇ ಎಂದು ನನಗನ್ನಿಸುತ್ತದೆ.

ಖಾಲಿ ಕುರ್ಚಿಯಿಂದ ಪರದೆಯವರೆಗೆ

ಅಮೆರಿಕದಲ್ಲಿ ಖಾಲಿ ಜಾಗಗಳ ಜಾಹೀರಾತು ಸಂಗೀತಗಾರರ ಕಾರ್ಮಿಕ ಸಂಘವಾದ ಅಮೆರಿಕನ್ ಫೆಡರೇಷನ್ ಆಫ್ ಮ್ಯುಸಿಷಿಯನ್ಸ್ ಹೊರತರುವ ‘ಇಂಟರ್‌ನ್ಯಾಷನಲ್ ಮ್ಯುಸಿಷಿಯನ್’ ಪತ್ರಿಕೆಯಲ್ಲಿ ಬರುತ್ತದೆ. ಅರ್ಜಿ ಹಾಕಿದವರಿಗೆ ನುಡಿಸಬೇಕಾದ ಭಾಗಗಳ ಪಟ್ಟಿ ಕೈಸೇರುತ್ತದೆ. ತಯಾರಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ತಿಂಗಳು. ಪ್ರಯಾಣ, ಹೋಟೆಲು ಎಲ್ಲ ಅಭ್ಯರ್ಥಿಯ ಸ್ವಂತ ಖರ್ಚು. ಚೆಲ್ಲೊ ವಾದಕರು ವಿಮಾನದಲ್ಲಿ ತಮ್ಮ ವಾದ್ಯಕ್ಕೂ ಒಂದು ಟಿಕೆಟ್ ಕೊಂಡು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕು. ವರ್ಷಕ್ಕೆ ನಾಲ್ಕಾರು ಆಡಿಷನ್ ಕೊಡುವವರಿಗೆ ಇದು ಸಣ್ಣ ಹೊರೆಯಲ್ಲ. ಆದರೂ ಹೋಗುತ್ತಾರೆ. ಅಲ್ಲಿನ ಅಗ್ರ ಆರ್ಕೆಸ್ಟ್ರಾಗಳ ಮೂಲ ಸಂಬಳವೇ ವರ್ಷಕ್ಕೆ 1.5 ಲಕ್ಷ ಡಾಲರಿಗೂ ಹೆಚ್ಚು. ಖಾಯಂ ಆದರೆ ನಿವೃತ್ತಿಯವರೆಗೂ ನಡೆಯುವ ಉದ್ಯೋಗ.

ಆ ದಿನ ಅಭ್ಯರ್ಥಿಗೆ ಹೆಸರಿನ ಬದಲು ಒಂದು ಸಂಖ್ಯೆ ಕೊಡುತ್ತಾರೆ. ಸರದಿ ಬಂದಾಗ ಪ್ರಾಕ್ಟರ್ ಎಂಬ ಸಹಾಯಕರು ವೇದಿಕೆಗೆ ಕರೆದೊಯ್ಯುತ್ತಾರೆ. ನಡುವೆ ಎತ್ತರದ ಪರದೆ, ಅದರಾಚೆ ಏಳರಿಂದ ಹನ್ನೊಂದು ಮಂದಿ ಆರ್ಕೆಸ್ಟ್ರಾದ ವಾದಕರೇ ಇರುವ ಸಮಿತಿ. ಅಭ್ಯರ್ಥಿ ತುಟಿ ಬಿಚ್ಚುವಂತಿಲ್ಲ. ಏನಾದರೂ ಕೇಳಬೇಕಿದ್ದರೆ ಪ್ರಾಕ್ಟರ್ ಕಿವಿಯಲ್ಲಿ ಪಿಸುಗುಟ್ಟಬೇಕು, ಅವರು ಗಟ್ಟಿಯಾಗಿ ಕೇಳುತ್ತಾರೆ. ಹೆಜ್ಜೆಯ ಸಪ್ಪಳದಿಂದ ಗಂಡೋ ಹೆಣ್ಣೋ ತಿಳಿದುಬಿಡಬಾರದೆಂದು ನಡೆಯುವ ದಾರಿಗೆ ಕಾರ್ಪೆಟ್ ಹಾಸಿರುತ್ತಾರೆ.

ಸ್ಟ್ಯಾಂಡಿನ ಮೇಲಿನ ಹಾಳೆಯಲ್ಲಿ ಯಾವುದರ ನಂತರ ಯಾವುದು ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಮೊದಲು ಒಂದು ಕಾಂಚೆರ್ಟೊದ (ಒಂದು ವಾದ್ಯ ಆರ್ಕೆಸ್ಟ್ರಾ ಜೊತೆ ಮುಂದಾಳಾಗಿ ನುಡಿಸುವ ಕೃತಿಯ) ಆರಂಭ, ಆಮೇಲೆ ಆರ್ಕೆಸ್ಟ್ರಾ ಕೃತಿಗಳ ನಾಲ್ಕೈದು ತುಣುಕು. ಸಾಕೆನಿಸಿದಾಗ ಪರದೆಯಾಚೆಯಿಂದ ‘ಥ್ಯಾಂಕ್ ಯೂ’ ಬರುತ್ತದೆ. ಸಮಿತಿ ಗುಟ್ಟಾಗಿ ಮತ ಹಾಕುತ್ತದೆ. ಮೊದಲ ಸುತ್ತು ದಾಟಿದವರಿಗೆ ಸೆಮಿಫೈನಲ್, ಅಲ್ಲಿ ಉಳಿದ ಕೆಲವರಿಗೆ ಫೈನಲ್. ಫೈನಲ್ಲಿಗೆ ಸಂಗೀತ ನಿರ್ದೇಶಕರೂ ಬಂದು ಕೂರುತ್ತಾರೆ, ಬಹಳ ಕಡೆ ಆ ಹೊತ್ತಿಗೆ ಪರದೆ ತೆಗೆದಿರುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಾದರೋ ಕೊನೆಯವರೆಗೂ ಪರದೆ ಇರುತ್ತದೆ.

ಪರದೆ ಬಂದ ಬಗೆ

ಒಂದು ಕಾಲಕ್ಕೆ ಅಮೆರಿಕದಲ್ಲೂ ಕಂಡಕ್ಟರ್ ಹೇಳಿದ್ದೇ ಕೊನೆ ಮಾತು. ತನ್ನ ಶಿಷ್ಯರನ್ನೋ ಪರಿಚಿತ ಗುರುಗಳು ಕಳಿಸಿದವರನ್ನೋ ಆತ ಸೇರಿಸಿಕೊಳ್ಳುತ್ತಿದ್ದ. ಬಾಸ್ಟನ್ ಸಿಂಫನಿ 1952ರಲ್ಲಿ ಪರದೆ ಕಟ್ಟಿ ಆಡಿಷನ್ ನಡೆಸಿತು. ಉಳಿದವರು ಅದೇ ದಾರಿ ಹಿಡಿಯಲು 1970, 80ರ ದಶಕ ಬರಬೇಕಾಯಿತು.

ಆ ಬದಲಾವಣೆಗೆ ಹೋರಾಟದ ಒತ್ತಡವೂ ಇತ್ತು. 1969ರಲ್ಲಿ ಆರ್ಟ್ ಡೇವಿಸ್ ಮತ್ತು ಅರ್ಲ್ ಮ್ಯಾಡಿಸನ್ ಎಂಬ ಇಬ್ಬರು ಕಪ್ಪುವರ್ಣೀಯ ವಾದಕರು ತಮಗೆ ವರ್ಣಭೇದದಿಂದ ಅವಕಾಶ ತಪ್ಪಿತೆಂದು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಿರುದ್ಧ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಮರುವರ್ಷ ತೀರ್ಪು ಬಂತು. ಖಾಯಂ ಹುದ್ದೆಗಳ ವಿಷಯದಲ್ಲಿ ಭೇದ ಸಾಬೀತಾಗಲಿಲ್ಲ, ಬದಲಿ ವಾದಕರನ್ನು ಕರೆಸುವಲ್ಲಿ ಭೇದ ನಡೆದಿದೆ ಎಂದು ಆಯೋಗ ಹೇಳಿತು.

ಪರದೆಯಿಂದ ಹೆಚ್ಚು ಅನುಕೂಲವಾದದ್ದು ಮಹಿಳೆಯರಿಗೆ. ಅರ್ಥಶಾಸ್ತ್ರಜ್ಞೆಯರಾದ ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಐದು ಅಗ್ರ ಆರ್ಕೆಸ್ಟ್ರಾಗಳಲ್ಲಿ 1970ರಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿದ್ದ ಮಹಿಳೆಯರ ಪಾಲು 1990ರ ದಶಕದ ಕೊನೆಗೆ ಶೇಕಡಾ 25ರ ಹತ್ತಿರ ಬಂದಿತ್ತು. ಪರದೆಯಿದ್ದರೆ ಮಹಿಳೆ ಮೊದಲ ಸುತ್ತು ದಾಟುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚುತ್ತದೆ ಎಂಬ ಅವರ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಂಕಿಅಂಶ ಬಲ್ಲ ಕೆಲವರು ಆ ಲೆಕ್ಕದ ಹಿಂದಿರುವ ಮಾದರಿ ತೀರ ಚಿಕ್ಕದೆಂದು ಆಮೇಲೆ ತೋರಿಸಿದರು. ಆ ತಕರಾರು ನ್ಯಾಯವಾದದ್ದೇ. ಆದರೆ ಒಟ್ಟು ದಿಕ್ಕಿನ ಬಗ್ಗೆ ಅನುಮಾನವಿಲ್ಲ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಖಾಯಂ ಹುದ್ದೆಗೆ ಒಬ್ಬ ಮಹಿಳೆಯನ್ನು, ಡಬಲ್ ಬೇಸ್ ವಾದಕಿ ಓರಿನ್ ಓಬ್ರಾಯನ್ ಅವರನ್ನು, ಸೇರಿಸಿಕೊಂಡದ್ದು 1966ರಲ್ಲಿ. 2022ರ ಹೊತ್ತಿಗೆ ಅಲ್ಲಿ 45 ಮಹಿಳೆಯರು, 44 ಪುರುಷರು.

ಕಣ್ಣು ಕಿವಿಯನ್ನು ಎಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ 2013ರ ಒಂದು ಪ್ರಯೋಗ ಒಳ್ಳೆಯ ಸಾಕ್ಷಿ. ಸಂಶೋಧಕಿ ಚಿಯಾ-ಜಂಗ್ ಸೈ ಅಂತರರಾಷ್ಟ್ರೀಯ ಸ್ಪರ್ಧೆಗಳ ಫೈನಲ್ ತುಣುಕುಗಳನ್ನು ಜನರಿಗೆ ಒಡ್ಡಿ, ಗೆದ್ದವರು ಯಾರೆಂದು ಊಹಿಸಲು ಹೇಳಿದರು. ಧ್ವನಿ ಮಾತ್ರ ಕೇಳಿದವರಿಗಿಂತ, ಧ್ವನಿಯೇ ಇಲ್ಲದ ವಿಡಿಯೋ ನೋಡಿದವರು ಹೆಚ್ಚು ಸರಿಯಾಗಿ ಊಹಿಸಿದರು. ವೃತ್ತಿಪರ ಸಂಗೀತಗಾರರ ಕಥೆಯೂ ಅದೇ ಆಗಿತ್ತು. ಅಂದರೆ ಆ ಸ್ಪರ್ಧೆಗಳ ತೀರ್ಪುಗಾರರು ಹಾವಭಾವಕ್ಕೆ ಮನಸೋತಿದ್ದರು. ಪರದೆ ಕಟ್ಟಬೇಕೆನ್ನುವವರಿಗೆ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಹಾಗಂತ ಪರದೆ ಎಲ್ಲವನ್ನೂ ಸರಿಪಡಿಸಿಲ್ಲ. ಕ್ಲಾರಿನೆಟ್ ವಾದಕ ಆಂಥನಿ ಮೆಗಿಲ್ 2014ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಪ್ರಧಾನ ವಾದಕರ ಸಾಲಿಗೆ ಬಂದ ಮೊದಲ ಆಫ್ರಿಕನ್-ಅಮೆರಿಕನ್. ಅದೇ ವರ್ಷ ಇಡೀ ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಆಫ್ರಿಕನ್-ಅಮೆರಿಕನ್ನರ ಪಾಲು ಶೇಕಡಾ 2ಕ್ಕಿಂತ ಕಡಿಮೆ ಇತ್ತು. ಒಳ್ಳೆಯ ವಾದ್ಯ, ಒಳ್ಳೆಯ ಗುರು, ಆಡಿಷನ್‌ಗಳಿಗೆ ಓಡಾಡುವ ಹಣ ಇವೆಲ್ಲ ಪರದೆಯ ಮುಂದೆ ಬರುವುದಕ್ಕೂ ಎಷ್ಟೋ ವರ್ಷ ಮೊದಲೇ ಬೇಕಾಗುತ್ತವೆ. ಅದಕ್ಕಾಗಿಯೇ ಸ್ಫಿಂಕ್ಸ್ ಸಂಸ್ಥೆ ಇತರರ ಜೊತೆ ಸೇರಿ 2018ರಲ್ಲಿ ಕಪ್ಪು ಮತ್ತು ಲ್ಯಾಟಿನೋ ವಾದಕರಿಗೆ ಪ್ರಯಾಣದ ಖರ್ಚು, ತರಬೇತಿ ಕೊಡುವ ಯೋಜನೆಯನ್ನು ಆರಂಭಿಸಿತು.

ಪಟ್ಟಿಯಲ್ಲಿ ಏನಿರುತ್ತದೆ

ಯಾವ ಊರಿನ ಆರ್ಕೆಸ್ಟ್ರಾ ಆದರೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಪಿಟೀಲಿನವರಿಗೆ ಮೊಜಾರ್ಟನ ಮೂರು, ನಾಲ್ಕು ಅಥವಾ ಐದನೆಯ ಕಾಂಚೆರ್ಟೊ, ರಿಚರ್ಡ್ ಸ್ಟ್ರಾಸ್‌ನ ‘ಡಾನ್ ಜುವಾನ್’ ಮೊದಲ ಪುಟ, ಶೂಮನ್‌ನ ಎರಡನೆಯ ಸಿಂಫನಿಯ ಸ್ಕೆರ್ಟ್ಸೊ ಎಂಬ ಚುರುಕಿನ ಭಾಗ, ಮೆಂಡೆಲ್ಸನ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಸ್ಕೆರ್ಟ್ಸೊ. ಚೆಲ್ಲೊಗೆ ಬೀಥೋವನ್ನನ ಐದನೆಯ ಸಿಂಫನಿಯ ಎರಡನೆಯ ಭಾಗ, ಡೆಬ್ಯುಸಿಯ ‘ಲಾ ಮೆರ್’. ಬಸೂನಿಗೆ ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಆರಂಭ. ಟ್ರೊಂಬೋನಿಗೆ ರವೇಲ್‌ನ ‘ಬೊಲೆರೊ’ದ ಸೋಲೊ, ಮೊಜಾರ್ಟನ ‘ರೆಕ್ವಿಯಂ’ನ ತೂಬಾ ಮಿರೂಮ್. ಈ ತುಣುಕುಗಳ ಸಂಗ್ರಹಗಳೇ ಪುಸ್ತಕವಾಗಿ ಸಿಗುತ್ತವೆ. ಕ್ಲೀವ್‌ಲೆಂಡ್ ಆರ್ಕೆಸ್ಟ್ರಾದಲ್ಲಿ ಕಾನ್ಸರ್ಟ್‌ಮಾಸ್ಟರ್ ಆಗಿದ್ದ ಜೋಸೆಫ್ ಗಿಂಗೋಲ್ಡ್ ಸಂಪಾದಿಸಿದ ಸಂಪುಟಗಳನ್ನು ಪಿಟೀಲು ವಿದ್ಯಾರ್ಥಿಗಳು ಇಂದಿಗೂ ಬಳಸುತ್ತಾರೆ.

ಒಂದೊಂದು ತುಣುಕೂ ಒಂದೊಂದು ಗುಟ್ಟನ್ನು ಹೊರಹಾಕುತ್ತದೆ. 1889ರಲ್ಲಿ ವೈಮಾರ್‌ನಲ್ಲಿ ಮೊದಲು ಕೇಳಿಸಿದ ‘ಡಾನ್ ಜುವಾನ್’ ಆರಂಭದಲ್ಲೇ ಪಿಟೀಲುಗಳು ಒಂದೇ ನೆಗೆತಕ್ಕೆ ಮೇಲಕ್ಕೆ ಹಾರುತ್ತವೆ. ವೇಗದ ಏರಿಕೆಯ ಬೆನ್ನಿಗೇ ಎಳೆದು ಕತ್ತರಿಸುವ ಸ್ವರಜೋಡಿಗಳು, ಅದರ ಬೆನ್ನಿಗೆ ಒಂದು ಬಡಿತಕ್ಕೆ ಮೂರರ ಗುಂಪು. ಅವಸರದಲ್ಲಿ ಈ ಎರಡೂ ಒಂದರಂತೆ ಇನ್ನೊಂದು ಕೇಳಿಸಲು ಶುರುವಾಗುತ್ತದೆ. ಸಮಿತಿ ಕಾಯುವುದು ಅದನ್ನೇ. ಬೆರಳು ಓಡುತ್ತದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ, ಓಡದವರು ಅಲ್ಲಿಗೆ ಬಂದಿರುವುದಿಲ್ಲ. ಅಷ್ಟು ಆವೇಶದ ನಡುವೆ ಲಯದ ಲೆಕ್ಕ ಉಳಿದಿದೆಯೇ ಎಂದು ನೋಡುತ್ತಾರೆ.

ಮೆಂಡೆಲ್ಸನ್‌ನ ಸ್ಕೆರ್ಟ್ಸೊ ಇದಕ್ಕೆ ತದ್ವಿರುದ್ಧ. ಅತಿ ಮೆಲುದನಿಯಲ್ಲಿ, ಕಮಾನು ತಂತಿಯಿಂದ ಕೂದಲೆಳೆಯಷ್ಟೇ ಮೇಲೆದ್ದು ಪುಟಿಯುತ್ತ ಸಾಗಬೇಕು. ಕಮಾನಿನ ಮಧ್ಯಭಾಗದ ಸುತ್ತ, ತಾನಾಗಿ ಪುಟಿಯುವ ಒಂದು ಜಾಗವಿರುತ್ತದೆ. ಅದು ಪ್ರತಿ ಕಮಾನಿಗೂ ಬೇರೆ. ಭಯದಲ್ಲಿ ಬಲಗೈ ಬಿಗಿದರೆ ಆ ಜಾಗ ಕೈತಪ್ಪುತ್ತದೆ, ಸ್ವರಗಳು ಕೆರೆದಂತೆ ಕೇಳಿಸುತ್ತವೆ. ಅದೇ ಸ್ಕೆರ್ಟ್ಸೊದ ಕೊನೆಗೆ ಕೊಳಲಿಗೆ ಉಸಿರಾಡಲು ಪುರುಸೊತ್ತಿಲ್ಲದ ಉದ್ದನೆಯ ಓಟವಿದೆ. ಹಾಗಾಗಿ ಅದು ಫ್ಲೂಟಿನ ಪಟ್ಟಿಯಲ್ಲೂ ಇರುತ್ತದೆ.

ಫ್ಲೂಟಿನವರ ನಿಜವಾದ ಪರೀಕ್ಷೆ ಡೆಬ್ಯುಸಿಯ ‘ಪ್ರೆಲ್ಯೂಡ್ ಟು ದಿ ಆಫ್ಟರ್‌ನೂನ್ ಆಫ್ ಎ ಫಾನ್’. 1894ರ ಈ ಕೃತಿ ಒಂಟಿ ಕೊಳಲಿನಿಂದಲೇ ತೆರೆದುಕೊಳ್ಳುತ್ತದೆ, ಅದೂ ಸಿ ಶಾರ್ಪ್ ಎಂಬ ಸ್ವರದ ಮೇಲೆ. ಆ ಸ್ವರಕ್ಕೆ ಹೆಚ್ಚುಕಡಿಮೆ ಎಲ್ಲ ರಂಧ್ರಗಳೂ ತೆರೆದಿರುತ್ತವೆ, ಹಾಗಾಗಿ ನಾದ ತೆಳ್ಳಗಾಗಿ ಶ್ರುತಿ ಮೇಲಕ್ಕೆ ಜಾರುತ್ತದೆ. ಅದನ್ನು ತುಟಿಯಿಂದಲೇ ಹಿಡಿದಿಟ್ಟು, ಬಣ್ಣ ತುಂಬಿ, ಇಡೀ ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ ನುಡಿಸಬೇಕು ಎಂಬ ನಿರೀಕ್ಷೆಯಿದೆ. ವೇಗವಿಲ್ಲ, ಸದ್ದಿಲ್ಲ, ಅಡಗಿಕೊಳ್ಳಲು ಜಾಗವೂ ಇಲ್ಲ.

ಸುಲಭವಾಗಿ ಕಾಣುವುದೇ ಹೆಚ್ಚು ಜನರನ್ನು ಮನೆಗೆ ಕಳಿಸುತ್ತದೆ ಎಂದು ಸಮಿತಿಗಳಲ್ಲಿ ಕೂತವರು ಹೇಳುತ್ತಾರೆ. ಬೀಥೋವನ್ನನ ಐದನೆಯ ಸಿಂಫನಿಯ ಎರಡನೆಯ ಭಾಗದಲ್ಲಿ ಚೆಲ್ಲೊ ಮತ್ತು ವಿಯೋಲಾಗಳು ಶಾಂತವಾದ ಒಂದು ರಾಗವನ್ನು ಎತ್ತಿಕೊಳ್ಳುತ್ತವೆ. ನಾಲ್ಕು ವರ್ಷ ಕಲಿತ ಹುಡುಗನೂ ಅದನ್ನು ನುಡಿಸಬಲ್ಲ. ಆದರೆ ಅಲ್ಲಿನ ಗಿಡ್ಡ ಸ್ವರಗಳು ಪ್ರತಿ ಸಲವೂ ಒಂದೇ ಅಳತೆಗೆ ಇರಬೇಕು, ತಂತಿ ಬದಲಾದಾಗ ನಾದ ಬದಲಾಗಬಾರದು, ಸಾಲು ಹಾಡಿನ ಹಾಗೆ ಉಸಿರಾಡಬೇಕು, ಲಯ ಮಾತ್ರ ಒಂದಿಷ್ಟೂ ಕದಲಬಾರದು. ‘ಬೊಲೆರೊ’ದ ಸ್ನೇರ್ ಡ್ರಮ್ ಕೂಡ ಹಾಗೆಯೇ. 1928ರ ಆ ಕೃತಿಯಲ್ಲಿ ಒಂದೇ ತಾಳದ ತುಣುಕು ಸುಮಾರು ಕಾಲು ಗಂಟೆ ಸತತವಾಗಿ, ಕಿವಿಗೆ ಕೇಳಿಸಿಯೂ ಕೇಳಿಸದ ಮಟ್ಟದಿಂದ ಹಿಡಿದು ಅಬ್ಬರದವರೆಗೆ ಸಾಗುತ್ತದೆ. ಆಡಿಷನ್‌ನಲ್ಲಿ ಕೇಳುವುದು ಆ ಮೊದಲ ಮೆಲುದನಿಯನ್ನು.

ಸಮಿತಿಯ ಕಿವಿ

ಲಯ, ಶ್ರುತಿ, ನಾದ. ಮೊದಲ ಸುತ್ತಿನ ತೀರ್ಪೆಲ್ಲ ಈ ಮೂರರ ಮೇಲೆ ನಿಂತಿದೆ. ಇವುಗಳಲ್ಲಿ ಲಯಕ್ಕೇ ಮೊದಲ ಮಣೆ. ಒಂದು ಸ್ವರ ಜಾರಿದರೆ ಕ್ಷಮಿಸುವ ಸಮಿತಿ, ಓಟ ಹೆಚ್ಚುಕಡಿಮೆಯಾದರೆ ಕ್ಷಮಿಸುವುದಿಲ್ಲ. ಕಾರಣ ಸರಳವಾಗಿದೆ: ಕೇಳುತ್ತ ಕೂತವರು ನಾಳೆ ಈ ಮನುಷ್ಯನ ಪಕ್ಕದಲ್ಲಿ ಮೂವತ್ತು ವರ್ಷ ನುಡಿಸಬೇಕು. ತಪ್ಪು ಸ್ವರ ಒಬ್ಬರದು, ತಪ್ಪು ಲಯ ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ.

ಶ್ರುತಿಯ ವಿಷಯದಲ್ಲಿ ಪಿಯಾನೊ ಜೊತೆಯಿಲ್ಲದೆ ನುಡಿಸುವುದು ಹೆಚ್ಚು ಕಷ್ಟ. ಆಧಾರಕ್ಕೆ ಏನೂ ಇರುವುದಿಲ್ಲ, ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಶ್ರುತಿ ಸದ್ದಿಲ್ಲದೆ ಮೇಲೇರಿರುತ್ತದೆ. ನಮ್ಮ ಕಛೇರಿಯಲ್ಲಿ ತಂಬೂರಿ ಹಿನ್ನೆಲೆಯಲ್ಲಿ ನುಡಿಯುತ್ತಿರುತ್ತದೆ. ಇಲ್ಲಿ ಅಭ್ಯರ್ಥಿ ಅದನ್ನು ತಲೆಯೊಳಗೇ ಇಟ್ಟುಕೊಳ್ಳಬೇಕು. ಹೋಗುವ ಊರಿನ ಶ್ರುತಿಯೂ ಗೊತ್ತಿರಬೇಕು. ಅಮೆರಿಕದಲ್ಲಿ ‘ಎ’ ಸ್ವರ 440ರಿಂದ 442 ಹರ್ಟ್ಸ್‌ಗೆ ಇದ್ದರೆ ಬರ್ಲಿನ್ನಿನಲ್ಲಿ ಅದು 443.

ಇವು ಮೂರೂ ಸರಿಯಿರುವ ಹತ್ತಿಪ್ಪತ್ತು ಮಂದಿ ಉಳಿದಾಗ ಸಮಿತಿ ಬೇರೆಯದನ್ನು ಹುಡುಕುತ್ತದೆ. ಈ ಅಭ್ಯರ್ಥಿಗೆ ಬರೀ ತನ್ನ ಪಾಲು ಗೊತ್ತೋ, ಇಡೀ ಕೃತಿ ಗೊತ್ತೋ? ತುಣುಕಿನ ನಡುವೆ ಎರಡು ಬಡಿತದ ಮೌನ ಬಂದರೆ ಆ ಮೌನದಲ್ಲಿ ಹಾರ್ನ್‌ಗಳು ಏನು ನುಡಿಸುತ್ತಿರುತ್ತವೆ ಎಂದು ಬಲ್ಲವರು ಅಷ್ಟು ಹೊತ್ತು ತಡೆದು, ಸರಿಯಾದ ಕ್ಷಣಕ್ಕೆ ಮತ್ತೆ ಒಳಬರುತ್ತಾರೆ. ತಿಳಿಯದವರು ಒಂದು ಕೂದಲೆಳೆ ಮುಂಚೆ ಬಂದುಬಿಡುತ್ತಾರೆ. ಹಾಗೆಯೇ ತನ್ನ ಸ್ವರ ಮುಖ್ಯ ರಾಗವೋ, ಇನ್ನೊಬ್ಬರ ರಾಗಕ್ಕೆ ಆಸರೆಯೋ ಎಂಬುದು ದನಿಯ ಎತ್ತರದಲ್ಲೇ ತಿಳಿಯುತ್ತದೆ.

ಕೆಲವೊಮ್ಮೆ ಪರದೆಯಾಚೆಯಿಂದ ಇನ್ನೊಮ್ಮೆ ನುಡಿಸಿ, ಇನ್ನಷ್ಟು ಮೆಲ್ಲಗೆ, ಎಂಬ ಸೂಚನೆ ಬರುತ್ತದೆ. ಹೊಸಬರು ಎದೆಗುಂದುತ್ತಾರೆ. ಅದು ಒಳ್ಳೆಯ ಸೂಚನೆ, ಇಷ್ಟವಾಗದವರನ್ನು ಯಾರೂ ಮತ್ತೆ ಕೇಳುವುದಿಲ್ಲ. ಹೇಳಿದ್ದನ್ನು ತಕ್ಷಣ ಹಿಡಿದು ನುಡಿಕೆ ಬದಲಿಸಬಲ್ಲರೇ ಎಂದು ಅವರಿಗೆ ತಿಳಿಯಬೇಕಿರುತ್ತದೆ. ಆರ್ಕೆಸ್ಟ್ರಾದ ದಿನನಿತ್ಯದ ಕೆಲಸವೂ ಅದೇ ತಾನೆ?

ಸಾಧನೆಯ ದಾರಿ

ಗೆದ್ದವರ ಸಾಧನೆಯ ಕ್ರಮ ಕೇಳಿದರೆ ಗಂಟೆಗಳ ಲೆಕ್ಕಕ್ಕಿಂತ ಬೇರೆ ಸಂಗತಿ ಎದ್ದು ಕಾಣುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 17 ಮಂದಿ ಪಿಯಾನೊ ವಿದ್ಯಾರ್ಥಿಗಳಿಗೆ ಶೋಸ್ತಕೋವಿಚ್‌ನ ಕಾಂಚೆರ್ಟೊದ ಒಂದು ಪುಟ್ಟ ಭಾಗ ಕೊಟ್ಟರು. ಮರುದಿನ ಚೆನ್ನಾಗಿ ನುಡಿಸಿದವರು ಹೆಚ್ಚು ಹೊತ್ತು ಕೂತವರೇನೂ ಆಗಿರಲಿಲ್ಲ, ಹೆಚ್ಚು ಸಲ ನುಡಿಸಿದವರೂ ಅಲ್ಲ. ತಪ್ಪು ಎಲ್ಲಿ ಹುಟ್ಟುತ್ತದೆಂದು ಆ ಕ್ಷಣವೇ ಹಿಡಿದು, ವೇಗ ತಗ್ಗಿಸಿ, ಅದು ಮತ್ತೆ ಬಾರದಂತೆ ಸರಿಪಡಿಸಿಕೊಂಡೇ ಮುಂದೆ ಹೋದವರು ಅವರು. ಉಳಿದವರು ತಪ್ಪನ್ನೂ ಸೇರಿಸಿಯೇ ರೂಢಿ ಮಾಡಿಕೊಂಡಿದ್ದರು.

ಇನ್ನೊಂದು ಉಪಯುಕ್ತ ಮಾತು ಕ್ಲಾರಿನೆಟ್ ವಾದಕಿ ಕ್ರಿಸ್ಟೀನ್ ಕಾರ್ಟರ್ ಅವರದು. ಒಂದೇ ತುಣುಕನ್ನು ಅರ್ಧ ಗಂಟೆ ತಿಕ್ಕುವುದಕ್ಕಿಂತ ಮೂರ್ನಾಲ್ಕು ತುಣುಕುಗಳನ್ನು ಕೆಲವೇ ನಿಮಿಷಗಳಂತೆ ಸರದಿಯಲ್ಲಿ ನುಡಿಸಿದರೆ ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ ಎಂಬ ದಿಕ್ಕಿಗೆ ಅವರ 2016ರ ಅಧ್ಯಯನ ಬೆರಳು ತೋರಿತು. ಭಾಗವಹಿಸಿದವರು ಕೇವಲ ಹತ್ತು ಮಂದಿ, ಹಾಗಾಗಿ ಅದನ್ನು ಕೊನೆಯ ಮಾತೆಂದು ಹಿಡಿಯುವಂತಿಲ್ಲ. ಆದರೆ ಆಡಿಷನ್‌ನ ಸ್ವಭಾವಕ್ಕೆ ಅದು ಹೊಂದುತ್ತದೆ. ಅಲ್ಲಿ ‘ಡಾನ್ ಜುವಾನ್’ ಆವೇಶದಿಂದ ಅರ್ಧ ನಿಮಿಷದಲ್ಲಿ ಮೊಜಾರ್ಟನ ನಯಕ್ಕೆ ಇಳಿಯಬೇಕು, ಎರಡನೆಯ ಅವಕಾಶ ಇರುವುದಿಲ್ಲ. ಮೊದಲ ಸಲವೇ ಸರಿಯಾಗಿ ನುಡಿಸುವುದು ಬೇರೆಯದೇ ವಿದ್ಯೆ, ಅದನ್ನೂ ಸಾಧನೆ ಮಾಡಬೇಕು.

ಉಳಿದ ಕ್ರಮಗಳು ಬಹುತೇಕ ಎಲ್ಲರವೂ ಒಂದೇ ತರಹ. ಪ್ರತಿ ಕೃತಿಯನ್ನೂ ನಾಲ್ಕೈದು ಆರ್ಕೆಸ್ಟ್ರಾಗಳ ರೆಕಾರ್ಡಿಂಗಿನಲ್ಲಿ, ಸ್ಕೋರ್ ಮುಂದಿಟ್ಟುಕೊಂಡು ಕೇಳುತ್ತಾರೆ. ಆ ರೆಕಾರ್ಡಿಂಗಿನ ಜೊತೆಗೇ ನುಡಿಸಿ ನೋಡುತ್ತಾರೆ. ಮೆಟ್ರೊನೋಮ್ ಹಾಕಿ, ಆಮೇಲೆ ಅದನ್ನು ನಿಲ್ಲಿಸಿ, ತಮ್ಮದನ್ನೇ ರೆಕಾರ್ಡ್ ಮಾಡಿಕೊಂಡು ಅಪರಿಚಿತರ ನುಡಿಕೆಯನ್ನು ಕೇಳಿದ ಹಾಗೆ ಕೇಳುತ್ತಾರೆ. ಕೊನೆಯ ವಾರಗಳಲ್ಲಿ ಗೆಳೆಯರನ್ನು ಕೂರಿಸಿ ನಕಲಿ ಆಡಿಷನ್ ಕೊಡುತ್ತಾರೆ. ಬೇರೆ ವಾದ್ಯದವರನ್ನು ಕರೆಯುವುದು ಒಳ್ಳೆಯದು. ಪಿಟೀಲಿನವರು ಪಿಟೀಲಿನವರ ಕಮಾನು ನೋಡುತ್ತಾರೆ, ಹಾರ್ನ್ ವಾದಕರಿಗೆ ಲಯವೇ ಕೇಳಿಸುತ್ತದೆ. ಕಂಡಕ್ಟರ್ ಮೈಕೆಲ್ ಟಿಲ್ಸನ್ ಥಾಮಸ್ 1987ರಲ್ಲಿ ಮಯಾಮಿಯಲ್ಲಿ ಕಟ್ಟಿದ ನ್ಯೂ ವರ್ಲ್ಡ್ ಸಿಂಫನಿ ಪದವಿ ಮುಗಿಸಿದ ವಾದಕರನ್ನು ವೃತ್ತಿಗೆ ಸಜ್ಜುಗೊಳಿಸುವ ತರಬೇತಿ ಆರ್ಕೆಸ್ಟ್ರಾ, ಅಲ್ಲಿ ಇಂಥ ನಕಲಿ ಆಡಿಷನ್‌ಗಳು ಪಾಠದ ಭಾಗವೇ ಆಗಿವೆ. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಕರಾಯನ್ ಅಕಾಡೆಮಿಯ ವಿದ್ಯಾರ್ಥಿಗಳು ನೇರವಾಗಿ ಆರ್ಕೆಸ್ಟ್ರಾದಲ್ಲೇ ಕೂತು ಕಲಿಯುತ್ತಾರೆ.

ಕೈ ನಡುಗಿದಾಗ

ಆಡಿಷನ್ ದಿನ ಎದೆ ಹೊಡೆದುಕೊಳ್ಳದವರಿಲ್ಲ. ಕಮಾನು ಹಿಡಿದ ಕೈಗೆ ಸಣ್ಣ ನಡುಕ ಬಂದರೂ ಉದ್ದ ಸ್ವರದಲ್ಲಿ ಅದು ಕೇಳಿಸುತ್ತದೆ, ಊದುವವರಿಗೆ ಬಾಯಿ ಒಣಗುತ್ತದೆ. ಅಮೆರಿಕದ ಆರ್ಕೆಸ್ಟ್ರಾ ವಾದಕರ ಸಂಘಟನೆ 1980ರ ದಶಕದ ಕೊನೆಯಲ್ಲಿ 48 ಆರ್ಕೆಸ್ಟ್ರಾಗಳ ಎರಡು ಸಾವಿರಕ್ಕೂ ಹೆಚ್ಚು ವಾದಕರ ಸಮೀಕ್ಷೆ ನಡೆಸಿದಾಗ ಶೇಕಡಾ 27ರಷ್ಟು ಮಂದಿ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಂಡಿದ್ದಾಗಿ ಹೇಳಿದರು. ಹೃದಯದ ಕಾಯಿಲೆಗೆಂದು ಬಂದ ಅಂಥದೊಂದು ಮಾತ್ರೆ ಪ್ರೊಪ್ರನಲಾಲ್ ಎದೆಬಡಿತ, ನಡುಕ ಎರಡನ್ನೂ ತಗ್ಗಿಸುತ್ತದೆ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ, ವೈದ್ಯರನ್ನು ಕೇಳದೆ ಮುಟ್ಟುವಂಥದ್ದಲ್ಲ. ಮಾತ್ರೆ ತೆಗೆದುಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆ ಸಂಗೀತಗಾರರಲ್ಲಿ ಇನ್ನೂ ಮುಗಿದಿಲ್ಲ.

ಮಾತ್ರೆ ಬೇಡವೆನ್ನುವವರು ಕ್ರೀಡಾ ಮನಶ್ಶಾಸ್ತ್ರದಿಂದ ಎರವಲು ಪಡೆದರು. ಅಮೆರಿಕದ ಒಲಿಂಪಿಕ್ ಡೈವಿಂಗ್ ಪಟುಗಳ ಜೊತೆ ಕೆಲಸ ಮಾಡಿದ್ದ ಡಾನ್ ಗ್ರೀನ್, ಜೂಲಿಯಾರ್ಡ್ ಶಾಲೆಯಲ್ಲಿ ಸಂಗೀತಗಾರರಿಗೆ ಪಾಠ ಮಾಡಿದರು. ದೃಷ್ಟಿಯನ್ನು ಒಂದು ಕಡೆ ನೆಡುವುದು, ಉಸಿರು ಇಳಿಸುವುದು, ಬಿಗಿದ ಸ್ನಾಯು ಸಡಿಲಿಸುವುದು, ಮೊದಲ ಸಾಲನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಆಮೇಲೆ ಶುರು ಮಾಡುವುದು, ಇಷ್ಟೇ ಅವರ ಕ್ರಮದ ತಿರುಳು. ಮೆಟ್ಟಿಲು ಓಡಿ ಹತ್ತಿ, ಏದುಸಿರು ಇಳಿಯುವ ಮೊದಲೇ ವಾದ್ಯ ಎತ್ತಿ ನುಡಿಸಿ ರೂಢಿ ಮಾಡಿಕೊಳ್ಳುವವರೂ ಇದ್ದಾರೆ. ಭಯವನ್ನು ಓಡಿಸಲು ಹೋಗುವುದಕ್ಕಿಂತ ಅದು ಬಂದಾಗಲೂ ನುಡಿಸಲು ಕಲಿಯುವುದು ಜಾಣತನ. ಮನಸ್ಸು ‘ಈಗ ತಪ್ಪುತ್ತೇನೆ’ ಎಂಬಲ್ಲಿಗೆ ಜಾರದಂತೆ ತಡೆಯಲು ಇಲ್ಲೂ ಅದೇ ಉಪಾಯ: ಗಮನವನ್ನು ತನ್ನ ಮೇಲಿಂದ ತೆಗೆದು, ತಲೆಯೊಳಗೆ ನುಡಿಯುತ್ತಿರುವ ಆರ್ಕೆಸ್ಟ್ರಾಕ್ಕೆ ಕಿವಿಗೊಡುವುದು.

ಗೆದ್ದ ಮೇಲಿನ ಪರೀಕ್ಷೆ

ಆಡಿಷನ್ ಗೆದ್ದ ಮಾತ್ರಕ್ಕೆ ಕುರ್ಚಿ ನಿಮ್ಮದಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೆರಡು ವರ್ಷ ಪ್ರೊಬೇಷನ್. ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ಪರದೆಯಿಲ್ಲ, ಅಭ್ಯರ್ಥಿ ನುಡಿಸುವುದು ಇಡೀ ಆರ್ಕೆಸ್ಟ್ರಾದ ಮುಂದೆ, ಮತ ಹಾಕುವವರೂ ಅವರೇ. ಎರಡು ವರ್ಷದವರೆಗಿನ ಪ್ರೊಬೇಷನ್ ಮುಗಿದಾಗ ಮೂರನೆಯ ಎರಡರಷ್ಟು ಮತ ಬೀಳದಿದ್ದರೆ ಹೊರಡಬೇಕು. ವಿಯೆನ್ನಾದಲ್ಲಿ ಮೊದಲು ಸ್ಟೇಟ್ ಆಪೆರಾದ ಆರ್ಕೆಸ್ಟ್ರಾಕ್ಕೆ ಆಯ್ಕೆಯಾಗಿ, ಅಲ್ಲಿ ಮೂರು ವರ್ಷ ನುಡಿಸಿದ ಮೇಲೆ ವಿಯೆನ್ನಾ ಫಿಲ್ಹಾರ್ಮೋನಿಕ್ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಆ ಸಂಸ್ಥೆ ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 1997ರಲ್ಲಿ.

ಲಂಡನ್ನಿನ ಪದ್ಧತಿ ಇನ್ನೊಂದು ಬಗೆಯದು. ಆಡಿಷನ್‌ನಲ್ಲಿ ಮೆಚ್ಚುಗೆಯಾದ ಹಲವರನ್ನು ಸರದಿಯ ಮೇಲೆ ನಿಜವಾದ ರಿಹರ್ಸಲ್, ಕಛೇರಿಗಳಿಗೆ ಕರೆದು ಕೂರಿಸುತ್ತಾರೆ. ಈ ಟ್ರಯಲ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವನ್ನೂ ಮೀರಿ ನಡೆಯುತ್ತದೆ. ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದಲ್ಲೂ ಇದೇ ರೂಢಿ. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಆ ಆರ್ಕೆಸ್ಟ್ರಾದ ಎಳವೆಯಲ್ಲಿ ಹಣಕೊಟ್ಟು ನಿಂತವರು ನಮ್ಮ ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ನನ್ನ ಮಟ್ಟಿಗೆ ಹೇಳುವುದಾದರೆ ಲಂಡನ್ನಿನ ಕ್ರಮದಲ್ಲಿ ಪಕ್ಷಪಾತಕ್ಕೆ ಹೆಚ್ಚು ಎಡೆಯಿದ್ದರೂ, ಹತ್ತು ನಿಮಿಷದಲ್ಲಿ ಕಾಣದ ಗುಣಗಳು ಅಲ್ಲಿ ಕಾಣುತ್ತವೆ.

ಆಯ್ಕೆಯ ನಂತರ ಏನೇನು ನಡೆಯಬಹುದು ಎಂಬುದಕ್ಕೆ ಎರಡು ಪ್ರಕರಣಗಳನ್ನು ನೆನೆಯಲೇಬೇಕು. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್ ಟ್ರೊಂಬೋನ್ ಹುದ್ದೆಗೆ 33 ಮಂದಿಯನ್ನು ಕರೆಯಿತು. ಅಭ್ಯರ್ಥಿಗಳಲ್ಲಿ ಒಬ್ಬ ಪರಿಚಿತರ ಮಗ ಇದ್ದ ಕಾರಣ ಆ ಸುತ್ತಿಗೆ ಪರದೆ ಕಟ್ಟಿದರು. 16ನೆಯವರ ನುಡಿಕೆ ಕೇಳಿದ್ದೇ ಉಳಿದವರನ್ನು ಮನೆಗೆ ಕಳಿಸಿದರು. ಪರದೆಯ ಹಿಂದಿನಿಂದ ಬಂದವರು ಆ್ಯಬಿ ಕೋನಂಟ್ ಎಂಬ ಮಹಿಳೆ. ಕರೆಪತ್ರದಲ್ಲಿ ಅವರನ್ನು ಗಂಡಸೆಂದೇ ಬರೆದಿದ್ದರು. ಕೆಲಸ ಸಿಕ್ಕಿತು, ಆದರೆ ಮುಂದೆ ಅವರನ್ನು ಎರಡನೆಯ ಟ್ರೊಂಬೋನಿಗೆ ಇಳಿಸಲಾಯಿತು. ತಮ್ಮ ಶ್ವಾಸಕೋಶಕ್ಕೆ ಬಲವಿದೆ ಎಂದು ತೋರಿಸಲು ಅವರು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಸ್ಥಾನಕ್ಕೂ ಸಮಾನ ಸಂಬಳಕ್ಕೂ ನ್ಯಾಯಾಲಯದಲ್ಲಿ ಹೋರಾಡಿ ಪೂರ್ತಿ ಗೆಲ್ಲುವಷ್ಟರಲ್ಲಿ 1993 ಬಂದಿತ್ತು.

ಕ್ಲಾರಿನೆಟ್ ವಾದಕಿ ಸಬೀನೆ ಮೇಯರ್ ಅವರದು ಬರ್ಲಿನ್ನಿನ ಕಥೆ. ಕಂಡಕ್ಟರ್ ಕರಾಯನ್ ಅವರನ್ನು ಪಟ್ಟುಹಿಡಿದು ತಂದರು, ಆರ್ಕೆಸ್ಟ್ರಾ 73-4 ಮತಗಳಿಂದ ಬೇಡವೆಂದಿತು. ನಾದ ಉಳಿದವರ ಜೊತೆ ಬೆರೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹೆಣ್ಣೆಂಬುದೇ ನಿಜವಾದ ಕಾರಣ ಎಂದು ಕರಾಯನ್ ಸೇರಿ ಹಲವರು ನಂಬಿದ್ದರು. ಅಲ್ಲಿಗೆ ಮೊದಲ ಮಹಿಳೆ, ಪಿಟೀಲು ವಾದಕಿ ಮಡೆಲೀನ್ ಕಾರುಟ್ಸೊ, ಸೇರಿದ್ದು 1982ರಲ್ಲಷ್ಟೇ. ಮೇಯರ್ ಒಂಬತ್ತು ತಿಂಗಳಿಗೆ ಹೊರಬಂದು ಏಕವ್ಯಕ್ತಿ ವಾದಕಿಯಾಗಿ ಜಗತ್ತಿನಾದ್ಯಂತ ಹೆಸರು ಮಾಡಿದರು. ಬೆರೆಯುವ ಗುಣ ಆರ್ಕೆಸ್ಟ್ರಾಕ್ಕೆ ನಿಜವಾಗಿಯೂ ಬೇಕು, ಆದರೆ ಅದೇ ಮಾತು ಬೇಡದವರನ್ನು ಹೊರಗಿಡುವ ನೆಪವೂ ಆಗಬಲ್ಲದು.

ನಮ್ಮಲ್ಲಿ

ಆಡಿಷನ್ ಎಂದ ಕೂಡಲೇ ಕರ್ನಾಟಕದ ಸಂಗೀತಗಾರರಿಗೆ ನೆನಪಾಗುವುದು ಆಕಾಶವಾಣಿ. ಮೈಸೂರು, ಬೆಂಗಳೂರು, ಧಾರವಾಡದ ಕೇಂದ್ರಗಳಲ್ಲಿ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಾಗಿ ಹಾಡಿದವರು, ನುಡಿಸಿದವರು ಅಸಂಖ್ಯ. ಆದರೆ ಅದು ಕಲಾವಿದರ ಮಟ್ಟ ಅಳೆದು ಶ್ರೇಣಿ ಕೊಡುತ್ತದೆ. ಅರ್ಹರಾದ ಹತ್ತು ಮಂದಿಗೂ ಎ ಶ್ರೇಣಿ ಸಿಗಬಹುದು. ಬೆಂಗಳೂರಿನ ಮಕ್ಕಳು ಬರೆಯುವ ಎಬಿಆರ್‌ಎಸ್‌ಎಂ, ಟ್ರಿನಿಟಿ ಗ್ರೇಡ್ ಪರೀಕ್ಷೆಗಳೂ ಅಂಥವೇ, ಒಬ್ಬರು ಪಾಸಾದರೆ ಇನ್ನೊಬ್ಬರಿಗೆ ನಷ್ಟವಿಲ್ಲ. ಆರ್ಕೆಸ್ಟ್ರಾ ಆಡಿಷನ್‌ನಲ್ಲಿ ಇರುವುದು ಒಂದೇ ಕುರ್ಚಿ.

ಭಾರತದಲ್ಲಿ ಪೂರ್ಣಾವಧಿ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಎಂದರೆ ಮುಂಬೈನ ಎನ್‌ಸಿಪಿಎಯಲ್ಲಿ ಖುಶ್ರೂ ಸಂತೂಕ್ ಮತ್ತು ಕಝಕ್ ಪಿಟೀಲು ವಾದಕ ಮರಾತ್ ಬಿಸೆಂಗಾಲಿಯೆವ್ 2006ರಲ್ಲಿ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದರ ವಾದಕರಲ್ಲಿ ಬಹಳಷ್ಟು ಮಂದಿ ಹೊರದೇಶದವರು. ಭಾರತೀಯರ ಸಂಖ್ಯೆ ಹೆಚ್ಚಿಸಲೆಂದೇ ಆವರಣದಲ್ಲಿ ಮಕ್ಕಳಿಗಾಗಿ ತರಬೇತಿ ಶಾಲೆ ನಡೆಸುತ್ತಾರೆ. ಬೆಂಗಳೂರಿನಲ್ಲಿ ಅರುಣಾ ಸುಂದರ್‌ಲಾಲ್ 1987ರಲ್ಲಿ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಪಾಶ್ಚಾತ್ಯ ಪಿಟೀಲು, ಚೆಲ್ಲೊ ಕಲಿಸುವ ಗುರುಗಳಿದ್ದಾರೆ. ಎಂಟನೆಯ ಗ್ರೇಡ್‌ವರೆಗೆ ಹೋಗುವ ಮಕ್ಕಳೂ ಇದ್ದಾರೆ. ಅವರಿಗೆ ಸಿಗದೇ ಹೋಗುವುದು ವಾರಕ್ಕೆರಡು ಸಲವಾದರೂ ಅರವತ್ತು ಮಂದಿಯ ನಡುವೆ ಕೂತು, ಓಬೋದ ಸ್ವರಕ್ಕೆ ಶ್ರುತಿ ಕೂಡಿಸಿಕೊಂಡು, ಎರಡು ಗಂಟೆ ಬ್ರಾಮ್ಸ್ ನುಡಿಸುವ ಅವಕಾಶ. ಲೈಪ್ಜಿಗ್‌ನಲ್ಲೋ ಫಿಲಡೆಲ್ಫಿಯಾದಲ್ಲೋ ಬೆಳೆಯುವ ಮಗುವಿಗೆ ಅದು ಹತ್ತನೇ ವಯಸ್ಸಿಗೇ ಯುವ ಆರ್ಕೆಸ್ಟ್ರಾದಲ್ಲಿ ಸಿಕ್ಕಿರುತ್ತದೆ. ವಿದೇಶದ ಆಡಿಷನ್‌ಗೆ ಹೊರಟ ನಮ್ಮ ಹುಡುಗ ಹುಡುಗಿಯರು ಬೆರಳಿನ ಸಾಧನೆಗೆ ಕೊಡುವಷ್ಟೇ ಸಮಯವನ್ನು ಸಿಕ್ಕ ಸಣ್ಣ ಗುಂಪಿನಲ್ಲಿ, ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಆದರೂ ಸರಿ, ಚರ್ಚಿನ ಕಾಯರ್ ಜೊತೆಗಾದರೂ ಸರಿ, ಇತರರೊಡನೆ ನುಡಿಸುವುದಕ್ಕೂ ಕೊಡಬೇಕು.